ಬಿಕಾನೇರಿನಲ್ಲಿ ನಿಂತು ನೋಡಿದ್ದು

ನಿಂತು ನೋಡುವುದು ಒಂದು ಕೆಟ್ಟ ಅಭ್ಯಾಸವೆಂದು ನನಗೆ ಗೊತ್ತಾಗಿದ್ದು ಮದುವೆಯಾದ ಮೇಲೆ. ಅಲ್ಲಿಯವರೆಗೆ ಕಣ್ಣಿರುವುದು ನೋಡುವುದಕ್ಕೆ, ಕಾಲಿರುವುದು ನಿಲ್ಲುವುದಕ್ಕೆ, ಎರಡನ್ನೂ ಒಟ್ಟಿಗೆ ಮಾಡಿದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ. ದೇವನಹಳ್ಳಿಯ ನಮ್ಮ ತವರುಮನೆಯ ಎದುರಿಗೆ ಒಂದು ದಿನಸಿ ಅಂಗಡಿಯಿತ್ತು. ಹೊಸ ವರ್ಷಕ್ಕೆ ಅಲ್ಲಿ ಹೊಸ ಕ್ಯಾಲೆಂಡರು ತೂಗುಹಾಕಿದರೆಂದರೆ ನಾನು ಬೆಲ್ಲಕ್ಕೆ ಹೋದವಳು ಬೆಲ್ಲವನ್ನೂ ಮನೆಯನ್ನೂ ಮರೆತು ಅದರ ಮುಂದೆ ನಿಂತುಬಿಡುತ್ತಿದ್ದೆ. ಸರಸ್ವತಿಯ ವೀಣೆಗೆ ತಂತಿ ಬರೆದಿದ್ದಾರೋ ಇಲ್ಲವೋ, ಲಕ್ಷ್ಮಿಯ ಹಿಂದಿನ ಆನೆ ನೀರು ಸುರಿಯುತ್ತಿರುವುದು ಅವಳ ಮೇಲೋ ಕಮಲದ ಮೇಲೋ, ಇಂಥ ಗಂಭೀರ ವಿಚಾರಗಳು. ಕೊನೆಗೆ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕಿವಿ ಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ಆದರೆ ಅಮ್ಮ ಬೈಯುತ್ತಿದ್ದದ್ದು ಬೆಲ್ಲ ತರದಿದ್ದಕ್ಕೆ, ನೋಡಿದ್ದಕ್ಕಲ್ಲ.

ಮದುವೆಯಾಗಿ ಬಂದದ್ದು ದೊಡ್ಡಬಳ್ಳಾಪುರದ ಮಗ್ಗದ ಮನೆಗೆ. ಮನೆಯ ಹಿಂಭಾಗದಲ್ಲಿ ಪವರ್‌ಲೂಮ್‌ಗಳು ಬೆಳಗಿನಿಂದ ಖಟಕ್ ಖಟಕ್ ಎಂದು ಬಡಿದುಕೊಳ್ಳುತ್ತಿರುತ್ತವೆ. ಅಂಥ ಮನೆಯಲ್ಲಿ ಯಾರಾದರೂ ಸುಮ್ಮನೆ ನಿಂತು ನೋಡುತ್ತಿದ್ದಾರೆಂದರೆ ಎಲ್ಲೋ ಎಳೆ ಕಡಿದಿದೆ ಎಂದು ಅರ್ಥ. ನಾನು ಹೊಸ ಸೊಸೆಯಾಗಿದ್ದಾಗ ಗೋಡೆಯ ಮೇಲೆ ಬಿದ್ದ ಬಿಸಿಲನ್ನು ನೋಡುತ್ತಾ ನಿಂತಿದ್ದರೆ, ನಮ್ಮತ್ತೆ ಲಕ್ಷ್ಮಮ್ಮನವರು ಗಾಬರಿಯಿಂದ ಓಡಿ ಬಂದು, "ಏನಾಯ್ತೇ ಗಿರಿಜಾ? ಎಲ್ಲಿ ಕಿತ್ತೋಯ್ತು?" ಎಂದು ಕೇಳುತ್ತಿದ್ದರು. ಏನೂ ಕಿತ್ತುಹೋಗಿಲ್ಲ, ಸುಮ್ಮನೆ ನೋಡುತ್ತಿದ್ದೆ ಎಂದರೆ ಅವರ ಗಾಬರಿ ಇನ್ನೂ ಹೆಚ್ಚಾಗುತ್ತಿತ್ತು.

ನಮ್ಮ ಯಜಮಾನರು, ಅಂದರೆ ನಾಗರಾಜ್, ಇದಕ್ಕೆ ಪೂರ್ತಿ ವಿರುದ್ಧ. ಅವರು ನಡೆಯುತ್ತಾ ನೋಡುವವರು. ಮದುವೆಯಾದ ಹೊಸತರಲ್ಲಿ ಒಮ್ಮೆ ನನ್ನ ಕಾಟ ತಡೆಯಲಾರದೆ ಬೆಂಗಳೂರಿನ ಒಂದು ಚಿತ್ರಶಾಲೆಗೆ ಕರೆದುಕೊಂಡು ಹೋಗಿದ್ದರು. ನಾನು ಬಾಗಿಲ ಬಳಿಯ ಮೊದಲನೆಯ ಚಿತ್ರದ ಮುಂದೆ ನಿಂತು, ಮುಗಿಸಿ, ಎರಡನೆಯದಕ್ಕೆ ತಿರುಗುವ ಹೊತ್ತಿಗೆ ಅವರು ಮಹಡಿಗಳನ್ನೆಲ್ಲ ಹತ್ತಿಳಿದು ಹೊರಗೆ ಚುರುಮುರಿ ತಿನ್ನುತ್ತಾ ನಿಂತಿದ್ದರು. "ಇನ್ನೂ ಇಲ್ಲೇ ಇದ್ದೀಯಾ? ನೋಡಿದ್ದಾಯ್ತಲ್ಲ, ಇನ್ನೇನು ಮನೆಗೆ ಹೊತ್ಕೊಂಡು ಹೋಗ್ತೀಯಾ ಅದನ್ನ?" ಎಂದರು. ಅವರ ದೃಷ್ಟಿಯಲ್ಲಿ ಒಂದು ವಸ್ತುವನ್ನು ನೋಡುವುದೆಂದರೆ ಅದು ಅಲ್ಲಿ ಇದೆಯೆಂದು ಖಾತರಿ ಮಾಡಿಕೊಳ್ಳುವುದು. ಖಾತರಿಯಾದ ಮೇಲೂ ನಿಂತಿರುವವರು ಒಂದೋ ಕಳ್ಳರು, ಇಲ್ಲ ಸಾಲಗಾರರು.

ನಾನು ಊರಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಡಂ. ಡ್ರಾಯಿಂಗ್ ಮೇಡಂ ಎಂದರೆ ಶಾಲೆಯಲ್ಲಿ ಏನು ಸ್ಥಾನವೆಂದು ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ನನ್ನ ಪೀರಿಯಡ್ಡು ಬರುವುದೇ ಅಪರೂಪ. ಬಂದ ದಿನ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು, "ಮೇಡಂ, ಇವತ್ತೊಂದಿನ ಬಿಟ್ಕೊಡಿ, ಪೋರ್ಷನ್ ಮುಗಿದಿಲ್ಲ" ಎನ್ನುತ್ತಾರೆ. ಅವರ ಇವತ್ತೊಂದಿನ ಜೂನ್‌ನಲ್ಲಿ ಶುರುವಾದರೆ ಮಾರ್ಚ್‌ಗೆ ಮುಗಿಯುತ್ತದೆ. ನನಗೂ ಬಿಡಿಸಲು ಬರುವುದು ಅಷ್ಟಕ್ಕಷ್ಟೇ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ತೆಂಗಿನ ಮರ, ಇದರಾಚೆ ಹೋದರೆ ಎಡವುತ್ತೇನೆ. ಒಮ್ಮೆ ಧೈರ್ಯ ಮಾಡಿ ಬೋರ್ಡಿನ ಮೇಲೆ ಕುದುರೆ ಬರೆದಾಗ ಮುಂದಿನ ಬೆಂಚಿನ ಹುಡುಗಿ, "ಮಿಸ್, ನಾಯಿ ತುಂಬಾ ಚೆನ್ನಾಗಿದೆ" ಎಂದಳು. ಅಡುಗೆ ಬಾರದವರಿಗೆ ನಾಲಿಗೆಯ ರುಚಿ ಹೆಚ್ಚು ಎನ್ನುತ್ತಾರಲ್ಲ, ಹಾಗೆ ನನಗೆ ಇನ್ನೊಬ್ಬರು ಬರೆದದ್ದನ್ನು ನೋಡುವ ಹಸಿವು.

ಹೀಗಿರುವಾಗ ಈ ವರ್ಷದ ದಸರಾ ರಜೆಗೆ ನಮ್ಮ ಬೀದಿಯವರೆಲ್ಲ ಸೇರಿ ರಾಜಸ್ಥಾನಕ್ಕೆ, ಅದರಲ್ಲೂ ಬಿಕಾನೇರಿಗೆ, ಪ್ರವಾಸ ಹೊರಡುವುದೆಂದು ತೀರ್ಮಾನವಾಯಿತು. ಏರ್ಪಾಡು ಮಾಡಿದವರು ಮಂಜಣ್ಣ. ಮಂಜಣ್ಣ ನಮ್ಮ ಬೀದಿಯ ಕೊನೆಯ ಮನೆಯವರು, ಜನರನ್ನು ತೀರ್ಥಯಾತ್ರೆಗೆ ಕರೆದುಕೊಂಡು ಹೋಗುವುದರಲ್ಲಿ ಪಳಗಿದವರು. ತಿರುಪತಿ, ಧರ್ಮಸ್ಥಳ, ಕಾಶಿ ಎಲ್ಲವೂ ಅವರಿಗೆ ನೀರು ಕುಡಿದಷ್ಟು ಸುಲಭ. ಅವರ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ. ಅದನ್ನು ಒಂದು ಸಲ ಊದಿದರೆ ಇಳಿಯಬೇಕು, ಎರಡು ಸಲ ಊದಿದರೆ ಹತ್ತಬೇಕು. ದೇವರ ದರ್ಶನವಿರಲಿ, ಮರುಭೂಮಿಯಿರಲಿ, ಅವರ ಮಂತ್ರ ಒಂದೇ: "ನೋಡ್ಕೊಂಡು ಹಂಗೇ ಮುಂದೆ ನಡೀರಿ, ನೋಡ್ಕೊಂಡು ಹಂಗೇ ಮುಂದೆ ನಡೀರಿ."

ಮರುಭೂಮಿಗೆ ಹೋಗಿ ಎಲ್ಲರೂ ಏನೇನು ನೋಡಬೇಕೆಂದು ಪಟ್ಟಿ ಹೇಳಿದರು. ಒಬ್ಬರಿಗೆ ಒಂಟೆ, ಒಬ್ಬರಿಗೆ ಇಲಿಗಳ ದೇವಸ್ಥಾನ, ಎದುರುಮನೆಯ ಪದ್ಮಾಗೆ ಕನ್ನಡಿ ಕೆಲಸದ ಬೆಡ್‌ಶೀಟು. ನಾನು ಬಾಯಿಬಿಟ್ಟು ಕೇಳಿದ್ದು ಒಂದೇ. ಅಲ್ಲಿ ಹಳೆಯ ಅರಮನೆಗಳಲ್ಲಿ ಚಿತ್ರಗಳನ್ನಿಟ್ಟಿರುತ್ತಾರಂತೆ, ಅದನ್ನು ನೋಡಬೇಕು. ಮಂಜಣ್ಣ ಉದಾರವಾಗಿ ಒಪ್ಪಿಕೊಂಡರು. "ಅದಕ್ಕೇನಕ್ಕಾ, ಅರ್ಧ ಗಂಟೆ ಹಾಕೋಣ. ಅರ್ಧ ಗಂಟೇಲಿ ಕಾಶೀನೇ ಮಾಡ್ಸಿದ್ದೀನಿ." ನಾನು ಆ ಅರ್ಧ ಗಂಟೆಗೆ ಎಂಥ ತಯಾರಿ ಮಾಡಿಕೊಂಡೆ ಎಂದರೆ, ಪಿಯುಸಿಗೂ ಅಷ್ಟು ಓದಿರಲಿಲ್ಲ. ಅಡುಗೆಮನೆಯಲ್ಲಿ ಫೋನನ್ನು ಉಪ್ಪಿನ ಜಾಡಿಗೆ ಒರಗಿಸಿಕೊಂಡು ರಾಜಸ್ಥಾನದ ಚಿಕ್ಕಚಿತ್ರಗಳ ಬಗ್ಗೆ ಸಿಕ್ಕಿದ ವಿಡಿಯೋಗಳನ್ನೆಲ್ಲ ನೋಡಿದೆ. ಅಳಿಲಿನ ಬಾಲದ ಕೂದಲಿನಿಂದ ಕುಂಚ ಮಾಡುತ್ತಿದ್ದರಂತೆ, ಕಲ್ಲನ್ನು ಅರೆದು ಬಣ್ಣ ತೆಗೆಯುತ್ತಿದ್ದರಂತೆ. ಎರಡು ಸಲ ಸಾರು ಸೀದುಹೋಯಿತು. ನನ್ನ ಆಸೆ ದೊಡ್ಡದೇನಲ್ಲ. ಒಂದು ಚಿತ್ರದ ಮುಂದೆ, ಯಾರೂ ಕರೆಯದೆ, ಯಾರೂ ಕೈ ಎಳೆಯದೆ, ನನಗೇ ಸಾಕು ಎನ್ನಿಸುವವರೆಗೆ ನಿಲ್ಲಬೇಕು. ಅಷ್ಟೇ.

ಆಯುಧಪೂಜೆ ಮುಗಿಸಿ, ಮಗ್ಗಗಳಿಗೆ ಕುಂಬಳಕಾಯಿ ಒಡೆದು, ಯಶವಂತಪುರದಲ್ಲಿ ರೈಲು ಹತ್ತಿದೆವು. ರೈಲಿನ ಪ್ರಯಾಣವನ್ನು ವರ್ಣಿಸುವುದಿಲ್ಲ. ಅತ್ತೆಯ ಕೋಡುಬಳೆಯ ಡಬ್ಬ ಮಹಾರಾಷ್ಟ್ರದಲ್ಲಿ ಒಂದು, ಗುಜರಾತಿನಲ್ಲಿ ಒಂದು ಖಾಲಿಯಾಯಿತು ಎಂದಷ್ಟೇ ಹೇಳಿದರೆ ಸಾಕು. ಬಿಕಾನೇರಿನಲ್ಲಿ ಇಳಿದಾಗ ಬಿಸಿಲು ನಮ್ಮನ್ನು ಬಾಣಲೆಗೆ ಬಿಟ್ಟ ಹಾಗೆ ಸ್ವಾಗತಿಸಿತು. ಕಲ್ಲೆಲ್ಲ ಕೆಂಪು, ಮಣ್ಣೆಲ್ಲ ಬಿಳಿ, ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ. ಬಾಡಿಗೆಯ ಒಂದು ಮಿನಿ ಬಸ್ಸು ನಮಗಾಗಿ ಕಾಯುತ್ತಿತ್ತು.

ಮೊದಲನೆಯ ದಿನ ಒಂದು ಮ್ಯೂಸಿಯಮ್ಮಿಗೆ ಹೋದೆವು. ಒಳಗೆ ಕಾಲಿಟ್ಟರೆ ಎಂಥ ಮೌನ! ಹೆಜ್ಜೆಯ ಸದ್ದು ಕೂಡ ಕಾಲಿಗೆ ಅಂಟಿಕೊಂಡು ನಡೆಯುವಂಥ ಮೌನ. ನನಗೆ ಮೈ ಜುಮ್ಮೆಂದಿತು. ನಮ್ಮ ಯಜಮಾನರು ಬಾಗಿಲಲ್ಲೇ ನಿಂತು ಅತ್ತಿತ್ತ ನೋಡಿ, "ಯಾಕೆ, ಕರೆಂಟ್ ಹೋಗಿದ್ಯಾ?" ಎಂದು ಕೇಳಿದರು. ಅವರ ತಪ್ಪಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದವರಿಗೆ ನಿಶ್ಶಬ್ದವೆಂದರೆ ಕರೆಂಟು ಹೋಗಿದೆ ಎಂದೇ ಲೆಕ್ಕ. ಇನ್ನೊಂದು ವಿಷಯವೆಂದರೆ, ಮಗ್ಗದ ಸದ್ದನ್ನು ಮೀರಿಸಿ ಮಾತಾಡಿ ಮಾತಾಡಿ ನಮ್ಮ ಬೀದಿಯವರ ಪಿಸುಮಾತೇ ಬೇರೆ ಊರಿನವರ ಕೂಗಿಗೆ ಸಮ. ಅವರು ಕರೆಂಟಿನ ಬಗ್ಗೆ ಕೇಳಿದ್ದು ಆ ಕೋಣೆಯ ಕತ್ತಿ, ಗುರಾಣಿ, ಕವಚಗಳಿಗೆಲ್ಲ ಬಡಿದು ವಾಪಸು ಬಂತು. ಕಾವಲುಗಾರರೊಬ್ಬರು ತುಟಿಯ ಮೇಲೆ ಬೆರಳಿಟ್ಟುಕೊಂಡು ಓಡಿ ಬಂದರು. ಯಜಮಾನರು ಅದೇ ಗಂಟಲಿನಲ್ಲಿ, "ಸಾರಿ ಸಾರ್!" ಎಂದರು. ಪಾಪ, ಆ ಮನುಷ್ಯ ಎರಡೂ ಕಿವಿ ಮುಚ್ಚಿಕೊಂಡರು.

ನಾನು ಎರಡನೆಯ ಕೋಣೆಯಲ್ಲಿ ಒಂದು ಚಿತ್ರ ಕಂಡು ಹತ್ತಿರ ಹೋಗುತ್ತಿದ್ದೆ, ಅಷ್ಟರಲ್ಲಿ ಸೀಟಿ. ಎರಡು ಸಲ. ನಮ್ಮವರೆಲ್ಲ ಪ್ರಸಾದ ಹಂಚುವ ಕಡೆ ಓಡುವಂತೆ ಬಸ್ಸಿನ ಕಡೆ ಓಡಿದರು. ಆಮೇಲೆ ವಿಚಾರಿಸಿದರೆ ಅರ್ಧ ಗಂಟೆಯಲ್ಲಿ ಬಹುಪಾಲು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಮತ್ತು ತಲೆ ಎಣಿಸುವುದರಲ್ಲಿ ಖರ್ಚಾಗಿತ್ತು. ನನ್ನ ತಯಾರಿ, ನನ್ನ ಅಳಿಲು, ಸೀದುಹೋದ ಸಾರು ಎಲ್ಲ ಕಣ್ಣೆದುರಿಗೆ ಬಂತು. ಕೋಪದಿಂದ ಯಜಮಾನರ ಜೊತೆ ಮಾತು ಬಿಟ್ಟೆ. ಸಂಜೆಯವರೆಗೂ ಬಿಟ್ಟೆ. ದುಃಖದ ಸಂಗತಿಯೆಂದರೆ ಅವರಿಗೆ ಅದು ಗೊತ್ತೇ ಆಗಲಿಲ್ಲ. ಊಟ ಮಾಡುವಾಗ, "ಇವತ್ತು ಆರಾಮಾಗಿತ್ತು ಅಲ್ವಾ?" ಎಂದರು.

ಗೊತ್ತಾದದ್ದು ಅತ್ತೆಗೆ, ರಾತ್ರಿ ಮಲಗುವಾಗ. "ಯಾಕೆ ಮುಖ ಹಿಂಗೆ ಸೊಟ್ಟ ಮಾಡ್ಕೊಂಡಿದ್ದೀಯಾ?" ಎಂದರು. ಹೇಳಿದೆ. ಅವರು ಎಲ್ಲ ಕೇಳಿ, "ಚಿತ್ರಕ್ಕೆ ಇಷ್ಟೊಂದಾ? ನಾನೇನೋ ಚಿನ್ನದ ಸರ ಕಳ್ಕೊಂಡಿದ್ದೀಯೇನೋ ಅನ್ಕೊಂಡೆ" ಎಂದು ಮಗ್ಗುಲಾದರು. ಆ ಕ್ಷಣದಲ್ಲಿ ನನ್ನ ಪರವಾಗಿ ಈ ಭೂಮಿಯ ಮೇಲೆ ಯಾರೂ ಇಲ್ಲವೆಂದು ಖಚಿತವಾಯಿತು.

ಮಾರನೆಯ ದಿನ ಬೆಳಗ್ಗೆ ಇನ್ನೊಂದು ಹಳೆಯ ಅರಮನೆ. ಅದರ ಒಂದು ಭಾಗವನ್ನು ಚಿತ್ರಶಾಲೆ ಮಾಡಿದ್ದರು. ಅದಾದ ಮೇಲೆ ಮರಳುಗುಡ್ಡದಲ್ಲಿ ಒಂಟೆ ಸವಾರಿ ಎಂದು ಮಂಜಣ್ಣ ಬಸ್ಸಿನಲ್ಲೇ ಘೋಷಿಸಿದ್ದರಿಂದ ಎಲ್ಲರ ಮನಸ್ಸೂ ಆಗಲೇ ಒಂಟೆಯ ಮೇಲೆ ಹತ್ತಿ ಕೂತಿತ್ತು. ನಾನು ಈ ಸಲ ಬುದ್ಧಿವಂತಿಕೆ ಮಾಡಿದೆ. ಮೊದಲ ಕೋಣೆಗಳಲ್ಲಿ ಎಲ್ಲೂ ನಿಲ್ಲದೆ, ಯಜಮಾನರನ್ನೂ ಹಿಂದೆ ಹಾಕಿ ಕೊನೆಯ ಕೋಣೆಗೆ ಹೋದೆ. ಅಲ್ಲಿ ಒಂದು ಚಿತ್ರವಿತ್ತು. ನಮ್ಮ ಮಕ್ಕಳ ಡ್ರಾಯಿಂಗ್ ಹಾಳೆಯಷ್ಟೂ ದೊಡ್ಡದಲ್ಲ. ಅರಮನೆಯ ಮಾಳಿಗೆಯ ಮೇಲೆ ರಾಜ ದಿಂಬಿಗೆ ಒರಗಿ ಹುಕ್ಕಾ ಸೇದುತ್ತಿದ್ದಾನೆ. ಒಬ್ಬಳು ಅವನಿಗೆ ಬೀಡಾ ಕೊಡುತ್ತಿದ್ದಾಳೆ, ಇನ್ನೊಬ್ಬಳು ನವಿಲುಗರಿಯ ಬೀಸಣಿಗೆ ಬೀಸುತ್ತಿದ್ದಾಳೆ. ಅಂಚಿನಲ್ಲಿ ಹಸಿರು ಲಂಗದ ಒಬ್ಬಳು ಕಟಕಟೆ ಹಿಡಿದು, ಇವರೆಲ್ಲರಿಗೂ ಬೆನ್ನು ಮಾಡಿ ನಿಂತಿದ್ದಾಳೆ. ಅವಳ ಒಂದು ಕಿವಿ, ಒಂದು ಕೆನ್ನೆ ಅಷ್ಟೇ ಕಾಣುತ್ತದೆ. ಎದುರಿಗೆ ಒಂದು ಬೆಂಚು. ನಾನು ಆ ಬೆಂಚಿನ ಮೇಲೆ ಕೂತೆ. ಕೂತೆನೋ ಇಲ್ಲವೋ, ಹೊರಗೆ ಸೀಟಿ ಎರಡು ಸಲ ಕೂಗಿತು.

ನಾನು ಏಳಲಿಲ್ಲ.

ಮಂಜಣ್ಣ ಏದುಸಿರು ಬಿಡುತ್ತಾ ಬಂದರು. "ಅಕ್ಕಾ, ಬಸ್ಸು ಸ್ಟಾರ್ಟ್ ಆಗೈತೆ, ಬನ್ನಿ ಬನ್ನಿ."

"ನಾನು ಬರಲ್ಲ ಮಂಜಣ್ಣ."

"ಹಂಗಂದ್ರೆ?"

"ಹಂಗಂದ್ರೆ ಬರಲ್ಲ. ನನಗೆ ಇದನ್ನ ನೋಡ್ಬೇಕು."

ಗರ್ಭಗುಡಿಯ ಮುಂದೆ ನಿಂತ ಭಕ್ತೆಯೊಬ್ಬಳು, ನಾನಿನ್ನು ಇಲ್ಲೇ ಇರುತ್ತೇನೆ ಎಂದರೆ ಪೂಜಾರಿಗಳ ಮುಖ ಹೇಗಾಗಬಹುದೋ ಅವರ ಮುಖ ಹಾಗಾಯಿತು. ಅವರ ಇಷ್ಟು ವರ್ಷದ ಅನುಭವದಲ್ಲಿ ಯಾತ್ರಿಕರು ಕಳೆದುಹೋಗಿದ್ದರು, ಜಾರಿ ಬಿದ್ದಿದ್ದರು, ಬೇರೆ ಬಸ್ಸು ಹತ್ತಿ ಬೇರೆ ಊರಿಗೆ ಹೋಗಿದ್ದರು. ಬರಲ್ಲ ಎಂದವರು ಯಾರೂ ಇರಲಿಲ್ಲ. ಅವರು ಓಡಿ ಹೋಗಿ ಯಜಮಾನರನ್ನು ಕರೆತಂದರು.

"ಲೇ ಗಿರಿಜಾ, ಏನೇ ಇದು ಜನದ ಮುಂದೆ? ಅಲ್ಲಿ ಒಂಟೆ ಕಾಯ್ತಾ ಇದೆ!"

"ಒಂಟೆ ನೀರೇ ಇಲ್ದೆ ವಾರಗಟ್ಟಲೆ ಕಾಯುತ್ತಂತೆ ರೀ. ಇವತ್ತೊಂದಿನ ಕಾಯ್ಲಿ."

ಬಾಯಲ್ಲಿ ಹೀಗೆ ಅಂದೆನೇ ಹೊರತು ಒಳಗೆ ಧೈರ್ಯವಿರಲಿಲ್ಲ. ವ್ಯಾನಿಟಿ ಬ್ಯಾಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ನಾಲ್ಕು ಜನರ ಎದುರಿಗೆ ಅವರ ಮಾತಿಗೆ ಇಲ್ಲ ಎಂದದ್ದು ಅದೇ ಮೊದಲು. ಗಣಿತದ ಮೇಷ್ಟ್ರಿಗೇ ಇಲ್ಲ ಎನ್ನದವಳು ನಾನು. ಯಜಮಾನರು ನನ್ನನ್ನು ಒಂದು ಸಲ, ಗೋಡೆಯನ್ನು ಒಂದು ಸಲ ನೋಡಿ, ನಿಟ್ಟುಸಿರು ಬಿಟ್ಟು ಮಂಜಣ್ಣನಿಗೆ ಹೇಳಿದರು: "ಹೋಗ್ಲಿ ಬಿಡು, ಇಲ್ಲೇ ಇರ್ಲಿ. ನಾವು ಒಂಟೆ ಮುಗಿಸ್ಕೊಂಡು ಬರುವಾಗ ಕರ್ಕೊಂಡ್ರಾಯ್ತು."

ನೋಡಿ, ನಾನು ಬಯಸಿದ್ದು ಇದನ್ನೇ. ಆದರೆ ಅವರು ಅಷ್ಟು ಸುಲಭವಾಗಿ ಒಪ್ಪಿಕೊಂಡಾಗ ಯಾಕೋ ಎದೆಯಲ್ಲಿ ಏನೋ ಕುಸಿದಂತಾಯಿತು. ಹೆಂಗಸರ ಮನಸ್ಸು ಎಂದು ನಗಬೇಡಿ. ನಿಮ್ಮನ್ನು ಯಾರಾದರೂ ಮರುಭೂಮಿಯಲ್ಲಿ ಒಂಟೆಗೋಸ್ಕರ ಬಿಟ್ಟುಹೋದರೆ ಆಗ ಗೊತ್ತಾಗುತ್ತದೆ.

ಅಷ್ಟರಲ್ಲಿ ಬೆಂಚು ಕಿರ್ರೆಂದಿತು. ಅತ್ತೆ ಯಾವಾಗ ಬಂದಿದ್ದರೋ, ಮಂಡಿ ಹಿಡಿದುಕೊಂಡು ನನ್ನ ಪಕ್ಕದಲ್ಲಿ ಕೂತರು. "ನಾನೂ ಬರಲ್ಲ ಕಣೋ ನಾಗ."

"ನಿನಗೇನಮ್ಮಾ ಆಯ್ತು?"

"ಗೊತ್ತಿಲ್ಲದ ಊರಲ್ಲಿ ಅವಳೊಬ್ಬಳನ್ನೇ ಬಿಟ್ಟು ಹೋಗ್ತೀಯಾ? ಮನೆ ಸೊಸೆ ಅಂದ್ರೆ ಚಪ್ಪಲಿ ಅನ್ಕೊಂಡಿದ್ದೀಯೇನೋ, ಬಾಗಿಲಲ್ಲಿ ಬಿಟ್ಟು ಹೋಗಿ ಬರುವಾಗ ಹಾಕ್ಕೊಂಡು ಬರೋಕೆ?"

ಇಷ್ಟು ವರ್ಷ ಈ ಹೆಂಗಸನ್ನು ನಾನು ಅರ್ಥವೇ ಮಾಡಿಕೊಳ್ಳಲಿಲ್ಲವಲ್ಲ ಎಂದು ಅವರ ಕೈ ಹಿಡಿದುಕೊಂಡೆ. ಅವರು ನನ್ನ ಕಿವಿಯ ಹತ್ತಿರ ಬಾಗಿ, ಅವರ ಮಟ್ಟಿಗೆ ಪಿಸುಮಾತಿನಲ್ಲಿ ಹೇಳಿದರು: "ನನ್ನನ್ನೂ ಒಂಟೆ ಮೇಲೆ ಹತ್ತಿಸ್ತಾನಂತೆ ಕಣೇ ಆ ಮಂಜ. ನನ್ನ ಕೈಲಾಗಲ್ಲ. ನೀನು ಮಾತ್ರ ಏಳ್ಬೇಡ."

ಈ ಪಿಸುಮಾತನ್ನು ಪಕ್ಕದ ಕೋಣೆಯವರೂ ಕೇಳಿಸಿಕೊಂಡರು. ಆದರೂ ಅತ್ತೆಯನ್ನು ಬಿಟ್ಟು ಬಸ್ಸು ಹೊರಡುವಂತಿರಲಿಲ್ಲ. ಗುಂಪಿಗೇ ಹಿರಿಯರು ಅವರು. ಅಲ್ಲದೆ ಉಳಿದ ಎರಡು ಡಬ್ಬ ಕೋಡುಬಳೆ ಅವರ ಸುಪರ್ದಿನಲ್ಲಿದ್ದವು. ಹಾಗಾಗಿ ಅವರನ್ನು ಒಪ್ಪಿಸಲು ಒಬ್ಬೊಬ್ಬರೇ ಬಸ್ಸಿನಿಂದ ಇಳಿದು ಬರತೊಡಗಿದರು. ಬಂದವರು ಬಂದಂತೆ, "ಬನ್ನಿ ದೊಡ್ಡಮ್ಮ" ಎಂದು ಒಂದು ಸಲ ಕರೆಯುವುದು, ಆಮೇಲೆ, "ಅಬ್ಬಾ, ಇಲ್ಲಿ ಎಷ್ಟು ತಣ್ಣಗಿದೆ!" ಎಂದು ಗೋಡೆಗೆ ಒರಗುವುದು. ಹೊರಗೆ ಬಸ್ಸು ಬಾಣಲೆಯಾಗಿತ್ತು. ಒಳಗೆ ಮೊಳಗಟ್ಟಲೆ ದಪ್ಪದ ಕಲ್ಲುಗೋಡೆ, ಕಾಲಿಗೆ ಐಸಿನಂಥ ನೆಲ. ಸ್ವಲ್ಪ ಹೊತ್ತಿನಲ್ಲಿ ನಮ್ಮ ಬೀದಿಯೇ ಆ ಕೋಣೆಯಲ್ಲಿ ಸೇರಿತ್ತು. ಮಂಜಣ್ಣ ಸೀಟಿಯನ್ನು ಬಾಯಿಗಿಟ್ಟುಕೊಂಡು ಊದಲಾರದೆ ನಿಂತಿದ್ದರು. ಕಾವಲಿನವರು ಅವರನ್ನೇ ನೋಡುತ್ತಿದ್ದರು.

ಈಗ ಎಲ್ಲರಿಗೂ ನೋಡಲು ಇದ್ದದ್ದು ಆ ಒಂದು ಚಿತ್ರ. ಇದೇ ತಕ್ಕ ಸಮಯವೆಂದು ನಾನು ವಿಡಿಯೋದಲ್ಲಿ ಕಲಿತದ್ದನ್ನು ಶುರುಮಾಡಿದೆ. "ಅತ್ತೆ, ಇದನ್ನ ಅಳಿಲಿನ ಬಾಲದ ಕೂದಲಲ್ಲಿ ಬರ್ದಿರೋದು. ಬಣ್ಣ ಇದ್ಯಲ್ಲ, ಅದನ್ನ ಕಲ್ಲು ಅರೆದು..."

"ಅಳಿಲು ಇರ್ಲಿ ಬಿಡು," ಎಂದರು ಅತ್ತೆ. "ಆ ಹಸಿರು ಲಂಗದವಳು ಯಾಕೆ ಆ ಕಡೆ ತಿರುಗಿದ್ದಾಳೆ, ಅದನ್ನ ಹೇಳು."

ವಿಡಿಯೋದವರು ಅದನ್ನು ಹೇಳಿರಲಿಲ್ಲ. ನಾನು ತಡವರಿಸಿದೆ. ಅತ್ತೆ ತಡವರಿಸಲಿಲ್ಲ. "ನಾನು ಹೇಳ್ತೀನಿ ಕೇಳು. ಅವಳು ದೊಡ್ಡ ಹೆಂಡ್ತಿ. ಬೀಡಾ ಕೊಡ್ತಾವ್ಳಲ್ಲ, ಇವಳು ಮೊನ್ನೆ ಮೊನ್ನೆ ಬಂದೋಳು. ಕೊಡೋ ಕೈ ನೋಡು, ಹೆಂಗೆ ಬಳುಕಿಸ್ತಾವ್ಳೆ! ಅದನ್ನ ನೋಡಕ್ಕಾಗ್ದೆ ಅವಳು ಮುನಿಸ್ಕೊಂಡು ತಿರುಗಿದ್ದಾಳೆ."

"ಇಲ್ಲ ದೊಡ್ಡಮ್ಮ," ಎಂದಳು ಪದ್ಮಾ. "ಅವಳಿಗೆ ತವರುಮನೆ ನೆನಪಾಗಿದೆ. ಮಾಳಿಗೆ ಮೇಲಿಂದ ದಾರಿ ಕಾಣುತ್ತಲ್ಲ, ಅಣ್ಣ ಬರ್ತಾನೇನೋ ಅಂತ ನೋಡ್ತಿದ್ದಾಳೆ."

"ಅಮ್ಮಾ, ಆ ರಾಜ ಏನೂ ಮಾಡಿಲ್ಲ," ಎಂದು ನಮ್ಮ ಯಜಮಾನರು ತಡೆಯಲಾರದೆ ಬಾಯಿ ಹಾಕಿದರು. "ಪಾಪ, ಸುಮ್ನೆ ಕೂತಿದ್ದಾನೆ."

"ಸುಮ್ನೆ ಕೂತಿದ್ದಾನಲ್ಲ, ಅದೇ ಅವನ ತಪ್ಪು!" ಎಂದರು ಅತ್ತೆ. ಅಲ್ಲಿದ್ದ ಹೆಂಗಸರೆಲ್ಲ ಒಕ್ಕೊರಲಿನಿಂದ ಹೌದೌದು ಎಂದರು. ನಾನು ಎಲ್ಲರಿಗಿಂತ ಸ್ವಲ್ಪ ಜೋರಾಗಿ ಹೇಳಿದೆ.

ಕೋಣೆ ಎರಡು ಪಂಗಡವಾಯಿತು. ಗಂಡಸರು ರಾಜನ ಕಡೆ, ಹೆಂಗಸರು ಹಸಿರು ಲಂಗದವಳ ಕಡೆ. ಕಾವಲಿನವರು ಬಂದು, "ಶಾಂತಿ, ಶಾಂತಿ" ಎಂದು ಕೈಮುಗಿದರು. ಅವರು ಶಾಂತಿಮಂತ್ರ ಹೇಳುತ್ತಿದ್ದಾರೆಂದುಕೊಂಡು ಅತ್ತೆಯೂ ಭಕ್ತಿಯಿಂದ ಕೈಮುಗಿದರು. ಯಜಮಾನರು ರಾಜನ ವಕಾಲತ್ತು ವಹಿಸಿ ಪುರಾವೆ ಹುಡುಕಲು ಚಿತ್ರದ ಹತ್ತಿರ ಹೋದರು, ದೂರ ಬಂದರು, ಮತ್ತೆ ಹತ್ತಿರ ಹೋದರು. ನಾನು ಅವರನ್ನೇ ನೋಡುತ್ತಿದ್ದೆ. ಮದುವೆಯಾದಾಗಿನಿಂದ ಅವರು ಒಂದು ವಸ್ತುವಿನ ಮುಂದೆ ಇಷ್ಟು ಹೊತ್ತು ನಿಂತದ್ದನ್ನು ನಾನು ಕಂಡಿರಲಿಲ್ಲ.

ಇವರ ಜಗಳದ ನಡುವೆ ನಾನು ಮೆಲ್ಲಗೆ ಎದ್ದು ಚಿತ್ರದ ಇನ್ನೊಂದು ಪಕ್ಕಕ್ಕೆ ಹೋಗಿ ನಿಂತೆ. ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದ ಹಾಗೆ, ಏನನ್ನೂ ಹುಡುಕದೆ ನಿಂತೆ. ರಾಜನ ಮುತ್ತಿನ ಸರ ಕಂಡಿತು. ದಿಂಬಿನ ಮೇಲಿನ ಹೂ ಕಂಡಿತು. ಹುಕ್ಕಾದ ಹೊಗೆ ಕಂಡಿತು. ನಿಧಾನಕ್ಕೆ ಸುತ್ತಲಿನ ಗಲಾಟೆ ದೂರವಾಗುತ್ತಾ ಹೋಯಿತು. ಎಡ ಮೂಲೆಯಲ್ಲಿ, ತೀರಾ ಮೇಲೆ, ಕಾಗದ ಹಳತಾಗಿ ಬಂದ ಕಲೆಯೆಂದು ಎಲ್ಲರೂ ಬಿಟ್ಟುಬಿಡಬಹುದಾದ ಒಂದು ಕಪ್ಪುನೀಲಿ ಇತ್ತು. ನೋಡುತ್ತಾ ನೋಡುತ್ತಾ ಅದು ಕಲೆಯಲ್ಲ, ಮೋಡ ಎಂದು ಗೊತ್ತಾಯಿತು. ಮೋಡದ ಒಳಗೆ, ನಮ್ಮ ಜರಿಯ ಎಳೆಗಿಂತ ತೆಳ್ಳಗೆ, ಒಂದು ಚಿನ್ನದ ಗೆರೆ ಅಂಕುಡೊಂಕಾಗಿ ಇಳಿದಿತ್ತು. ಹಸಿರು ಲಂಗದವಳ ಕೆನ್ನೆ ತಿರುಗಿದ್ದು ನೇರ ಅದರ ಕಡೆಗೆ.

"ಅವಳು ಯಾರ ಮೇಲೂ ಮುನಿಸ್ಕೊಂಡಿಲ್ಲ," ಎಂದೆ. "ಅವಳು ಮಳೆ ಬರೋದನ್ನ ನೋಡ್ತಾ ಇದ್ದಾಳೆ."

"ಎಲ್ಲೇ?" ಎಂದರು ಯಜಮಾನರು. ಬೆರಳು ಮುಟ್ಟಿಸದೆ ತೋರಿಸಿದೆ. ಅವರು ಕನ್ನಡಕ ತೆಗೆದು, ಅಂಗಿಯ ತುದಿಗೆ ಒರೆಸಿಕೊಂಡು, ಮತ್ತೆ ಹಾಕಿಕೊಂಡು ಬಾಗಿದರು. ಬಾಗಿದವರು ಬಾಗಿಯೇ ಇದ್ದರು. ಎಷ್ಟು ಹೊತ್ತೆಂದರೆ ನನಗೇ ಅವರ ಸೊಂಟದ ಚಿಂತೆಯಾಯಿತು. ಹೊರಗೆ ಕಾದು ಬಿಳಿಚಿಕೊಂಡ ಆಕಾಶ, ಒಳಗೆ ಈ ಉಗುರಿನಷ್ಟು ಮೋಡ. ಬೋರ್‌ವೆಲ್ಲಿಗೆ ನೀರು ಬರುತ್ತದೋ ಇಲ್ಲವೋ ಎಂದು ಪ್ರತಿ ಬೇಸಿಗೆ ಆಕಾಶ ನೋಡುವ ನಮ್ಮ ಊರಿನವರಿಗೆ ಆ ಹೆಂಗಸು ಯಾಕೆ ರಾಜನನ್ನೂ ಬಿಟ್ಟು ಆ ಕಡೆ ತಿರುಗಿದ್ದಾಳೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೌದಲ್ವೇನೇ!" ಯಜಮಾನರ ಗಂಟಲು ಅರಮನೆಯನ್ನು ನಡುಗಿಸಿತು. "ಮಿಂಚು! ಲೇ ಮಂಜ, ಬಾರೋ ಇಲ್ಲಿ, ಮಿಂಚು ಐತೆ ಇಲ್ಲಿ, ಮಿಂಚು!"

ಆ ಕೂಗಿಗೆ ಬೇರೆ ಕೋಣೆಗಳಲ್ಲಿದ್ದ ಗುಜರಾತಿನವರು, ಬಂಗಾಳದವರು, ಕೊರಳಲ್ಲಿ ಕ್ಯಾಮೆರಾ ಹಾಕಿಕೊಂಡ ವಿದೇಶದವರು ಎಲ್ಲ ಏನೋ ಅನಾಹುತವಾಯಿತೆಂದು ಓಡಿ ಬಂದರು. ಬಂದವರಿಗೆಲ್ಲ ಯಜಮಾನರು ಕನ್ನಡದಲ್ಲೇ ಮಿಂಚು ತೋರಿಸಿದರು. ಅವರವರ ಭಾಷೆಯಲ್ಲಿ ಅವರೂ ಆಹಾ ಎಂದರು. ಚಿತ್ರದ ಮುಂದೆ ಸಾಲು ಬೆಳೆಯಿತು. ಸಾಲು ಕಂಡರೆ ಮಂಜಣ್ಣನಿಗೆ ಕೈಕಟ್ಟಿ ಕೂರಲಾದೀತೇ? ಪಕ್ಕದಲ್ಲಿ ನಿಂತು, "ನೋಡ್ಕೊಂಡು ಹಂಗೇ ಮುಂದೆ ನಡೀರಿ" ಎಂದು ಶುರುಮಾಡಿದರು.

"ಸುಮ್ನಿರಯ್ಯಾ ನೀನು!" ಎಂದರು ನಮ್ಮ ಯಜಮಾನರು. "ನಿಂತು ನೋಡ್ಲಿ ಬಿಡು."

ನನ್ನ ಜೀವಮಾನದಲ್ಲಿ ನನಗೆ ಯಾರೂ ಶಾಲು ಹೊದಿಸಿಲ್ಲ, ಹಾರ ಹಾಕಿಲ್ಲ. ಆದರೆ ಆ ಒಂದು ಮಾತು ಕೇಳಿದಾಗ ಆನೆಯ ಮೇಲೆ ಅಂಬಾರಿಯಲ್ಲಿ ಕೂತಷ್ಟು ಎತ್ತರದಲ್ಲಿದ್ದೆ. ಅತ್ತೆಯನ್ನೂ ಮೆಲ್ಲಗೆ ಎಬ್ಬಿಸಿ ಮಿಂಚು ತೋರಿಸಿದೆ. ಅವರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿ, ತಲೆಯಾಡಿಸಿ ತೀರ್ಪು ಕೊಟ್ಟರು: "ಮಳೆ ನೋಡ್ತಿದ್ದಾಳೆ, ಸರಿ. ಒಪ್ಕೊಂಡೆ. ಆದ್ರೆ ಮುನಿಸ್ಕೊಂಡೇ ನೋಡ್ತಿದ್ದಾಳೆ."

ಆಮೇಲೆ ಎಲ್ಲರೂ ಬೇರೆ ಚಿತ್ರಗಳಲ್ಲಿ ಇನ್ನೇನೇನು ಅಡಗಿದೆಯೋ ಎಂದು ಹುಡುಕಲು ಹೊರಟರು. ನಾನು ಒಬ್ಬಳೇ ಆ ಚಿತ್ರದ ಮುಂದೆ ಉಳಿದೆ. ಯಾರೂ ಕರೆಯಲಿಲ್ಲ, ಯಾರೂ ಕೈ ಎಳೆಯಲಿಲ್ಲ. ನಿಂತೆ, ನಿಂತೆ, ಕೊನೆಗೆ ಸಾಕು ಎನ್ನಿಸಿತು. ಸಾಕು ಎನ್ನಿಸುವುದು ಎಷ್ಟು ಸುಖವೆಂದು ಆ ದಿನವೇ ನನಗೆ ತಿಳಿದದ್ದು. ಹೊರಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಆ ದಿನದ ಒಂಟೆಗಳು ಬೇರೆ ಯಾರನ್ನೋ ಹೊತ್ತುಕೊಂಡು ಹೋಗಿದ್ದವು. ಯಾರೂ ಕೊರಗಲಿಲ್ಲ.

ಕಥೆ ಇಲ್ಲಿಗೇ ನಿಲ್ಲಿಸಿದರೆ ನನ್ನ ಮರ್ಯಾದೆ ಉಳಿಯುತ್ತದೆ. ಆದರೆ ಮಾರನೆಯ ದಿನವೂ ಒಂದಿತ್ತಲ್ಲ. ಬೆಳಗ್ಗೆ ತಿಂಡಿ ಗಂಟಲಿನಿಂದ ಇಳಿಯುವ ಮೊದಲೇ ಯಜಮಾನರು ಮಂಜಣ್ಣನನ್ನು ಹಿಡಿದು, "ಊರಲ್ಲಿ ಇನ್ನೂ ಒಂದು ಮ್ಯೂಸಿಯಂ ಇದ್ಯಂತೆ, ಅದನ್ನ ಯಾಕೆ ಬಿಟ್ಟಿದ್ದೀಯಾ?" ಎಂದು ತರಾಟೆಗೆ ತೆಗೆದುಕೊಂಡರು. ಬೀದಿಯೆಲ್ಲ ಅವರ ಬೆಂಬಲಕ್ಕೆ ನಿಂತಿತು. ಹೋದೆವು. ಅಲ್ಲಿ ನಮ್ಮವರು ಒಂದೊಂದು ಪೇಟದ ಮುಂದೆ, ಒಂದೊಂದು ಪಲ್ಲಕ್ಕಿಯ ಮುಂದೆ ಬೇರು ಬಿಟ್ಟಂತೆ ನಿಂತರು. ಒಂದು ಹಳೆಯ ಬಂದೂಕಿನ ಹಿಡಿಯ ಮೇಲೆ ಕೆತ್ತಿದ ಜಿಂಕೆಯನ್ನು ಯಜಮಾನರು ಎಷ್ಟು ಹೊತ್ತು ನೋಡಿದರೆಂದರೆ ಅಷ್ಟು ಹೊತ್ತಿನಲ್ಲಿ ನಿಜವಾದ ಜಿಂಕೆಯಾಗಿದ್ದರೆ ಕಾಡು ದಾಟಿ ಹೋಗಿರುತ್ತಿತ್ತು. ನನಗೆ ಹಿಂದಿನ ದಿನವೇ ಹೊಟ್ಟೆ ತುಂಬಿತ್ತು. ಹಿಮ್ಮಡಿ ಸಿಡಿಯುತ್ತಿತ್ತು. ಒಂದು ಲೋಟ ಟೀ ಸಿಕ್ಕರೆ ಸಾಕಾಗಿತ್ತು. ಮೆಲ್ಲಗೆ ಹೋಗಿ, "ರೀ, ಆಯ್ತಾ? ಹೋಗೋಣ್ವಾ?" ಎಂದೆ.

"ತಡಿಯೇ," ಎಂದರು, ಕಣ್ಣು ತೆಗೆಯದೆ. "ಇಷ್ಟು ದೂರ ಬಂದಿದ್ದೀವಿ, ಸರಿಯಾಗಿ ನೋಡೋಕ್ಕೆ ಬಿಡು."

ಕೋಣೆಯ ಮೂಲೆಯಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಕೆಂಪು ಮಖಮಲ್ಲಿನ ಮೆತ್ತೆ, ಕೈಗೆ ಸಿಂಹದ ಮುಖ. ಸಂದರ್ಶಕರ ಬಗ್ಗೆ ಇವರಿಗೆ ಎಷ್ಟು ಕಾಳಜಿ ಎಂದುಕೊಂಡು ಕೂತೆ. ಬೆನ್ನು ಒರಗಿಸಿದೆ. ಆ ಮೌನ, ಆ ತಂಪು, ಆ ಮೆತ್ತೆ. ಯಾವಾಗ ಕಣ್ಣು ಹತ್ತಿತೋ ಗೊತ್ತಿಲ್ಲ. ಯಾರೋ ಹಿಂದಿಯಲ್ಲಿ ಕೂಗಾಡುತ್ತಿದ್ದಾರೆಂದು ಎಚ್ಚರವಾದಾಗ ನನ್ನ ಮುಂದೆ ಮೀಸೆಯ ಕಾವಲುಗಾರರು ನಿಂತಿದ್ದರು. ಕುರ್ಚಿಯ ಪಕ್ಕದ ಫಲಕದಲ್ಲಿ ಅದು ಯಾವ ಮಹಾರಾಜರದೆಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಅದರ ಸುತ್ತ ಕಟ್ಟಿದ್ದ ಹಗ್ಗವನ್ನು ನಾನು ದಾಟಿಕೊಂಡು ಬಂದದ್ದು ನನಗೇ ನೆನಪಿರಲಿಲ್ಲ. ನಮ್ಮ ಬೀದಿಯವರು, ಅಲ್ಲಿಗೂ ಬಂದಿದ್ದ ಗುಜರಾತಿನವರು, ವಿದೇಶದವರು ಎಲ್ಲರೂ ಸುತ್ತ ನಿಂತು ನೋಡುತ್ತಿದ್ದರು. ನಿಧಾನವಾಗಿ, ಸರಿಯಾಗಿ ನೋಡುತ್ತಿದ್ದರು.

ಜನರನ್ನು ಸರಿಸಿಕೊಂಡು ಯಜಮಾನರು ಮುಂದೆ ಬಂದರು. ಕಾವಲುಗಾರರ ಎದುರಿಗೆ ಕೈಮುಗಿದು, ನನ್ನ ಕಡೆಗೆ ಅನುಕಂಪದಿಂದ ನೋಡಿ, ಈ ಪ್ರವಾಸದಲ್ಲಿ ಮೊದಲನೆಯ ಸಲ ದನಿ ತಗ್ಗಿಸಿ ಹೇಳಿದರು:

"ಮಾಫ್ ಕರೋ ಸಾಬ್. ಇನ್ಕೋ ಮ್ಯೂಸಿಯಂ ಕಾ ಕುಛ್ ಮಾಲೂಮ್ ನಹೀ."

ನಾನು ಸೆರಗು ಸರಿಮಾಡಿಕೊಂಡು, ಮ್ಯೂಸಿಯಮ್ಮಿನ ಬಗ್ಗೆ ಏನೂ ತಿಳಿಯದವಳ ಹಾಗೆ ತಲೆ ತಗ್ಗಿಸಿ, ಮಹಾರಾಜರ ಕುರ್ಚಿಯಿಂದ ಎದ್ದೆ.